ಆರನೇ ವಾರ: ಚರ್ಮ ತಿಳಿಯಾಗ್ತಿದೆ, ಬೆರಳಿನ ಊತ ಮಾತ್ರ ಹಾಗೇ ಇದೆ. ಬಯಾಲಜಿಕ್ ಇಂಜೆಕ್ಷನ್ ಫಲ ಕೊಡೋಕೆ ಎಷ್ಟು ದಿನ ಕಾಯಬೇಕು?

ಪಿಜೆ_ಬಡಾವಣೆ
ನೇರವಾಗಿ ಕೇಳಿಬಿಡ್ತೀನಿ. ಸೋರಿಯಾಸಿಸ್, ಅದರ ಜೊತೆಗೆ ಸೋರಿಯಾಟಿಕ್ ಆರ್ಥ್ರೈಟಿಸ್ (ಅದೇ ಕಾಯಿಲೆಯ ಕೀಲು ಉರಿಯೂತ). ವಯಸ್ಸು 46, ತೂಕ 94 ಕೆ.ಜಿ. ಬಯಾಲಜಿಕ್ (ಉರಿಯೂತ ತಡೆಯೋ ಪ್ರೋಟೀನ್ ಔಷಧಿ) ಸೆಕುಕಿನುಮ್ಯಾಬ್ 300 ಮಿ.ಗ್ರಾಂ ಶುರುವಾಗಿ ಆರು ವಾರ. 0, 1, 2, 3, 4ನೇ ವಾರದ ಐದೂ ಡೋಸ್ ತಪ್ಪದೆ ಆಗಿವೆ. ಬೆನ್ನು, ಹೊಟ್ಟೆ ಮೇಲೆ ಹೊಟ್ಟು ಉದುರೋದು ನಿಂತಿದೆ, ನವೆ ಇಲ್ಲ. ಮೊಣಕಾಲಿಂದ ಕೆಳಗೆ ಇನ್ನೂ ಬಣ್ಣ ಇದೆ. ಬಲಗೈ ತೋರುಬೆರಳು ಬುಡದಿಂದ ತುದಿವರೆಗೆ ಊದಿದ್ದು ಹಾಗೇ ಇದೆ, ಹಿಮ್ಮಡಿ ನೋವೂ ಹಾಗೇ. ಚರ್ಮಕ್ಕೆ ಹಿಡಿದ ಔಷಧಿ ಕೀಲಿಗೆ ಹಿಡೀಲಿಲ್ಲ ಅಂತ ಅರ್ಥನಾ? ಎಷ್ಟನೇ ವಾರಕ್ಕೆ "ಇದು ಆಗಲ್ಲ" ಅಂತ ತೀರ್ಮಾನ ಮಾಡ್ತಾರೆ?

ಮಂಡಕ್ಕಿ_ಮಿರ್ಚಿ
ಆರು ವಾರಕ್ಕೇ ನವೆ ಹೋಗಿದೆ ಅಂದ್ರೆ ಔಷಧಿ ಹಿಡಿದಿದೆ ಅಂತಲೇ ಲೆಕ್ಕ. ಬೆರಳಿಗೆ ಅವಸರ ಮಾಡಬೇಡಿ.

ಚರ್ಮದ_ಓಪಿಡಿ
ಚರ್ಮದ ಭಾಗ ನಾನು ಹೇಳ್ತೀನಿ, ಕೀಲಿನ ವಿಷಯ ಗಿಣ್ಣು ಸರ್ ಬಂದು ಹೇಳಲಿ.

ಸೋರಿಯಾಸಿಸ್ ಗುಣ ಆಗೋದಕ್ಕೆ ಒಂದು ಕ್ರಮ ಇದೆ. ಮೊದಲು ನವೆ ಹೋಗುತ್ತೆ, ಬೆನ್ನಲ್ಲೇ ಹೊಟ್ಟು ಕಮ್ಮಿ ಆಗುತ್ತೆ. ಆಮೇಲೆ ದಪ್ಪ ಇಳಿಯುತ್ತೆ. ಕೆಂಪು ಕೊನೆಗೆ. ಕೆಂಪು ಹೋದ ಮೇಲೂ ನಮ್ಮ ಕಡೆಯ ಚರ್ಮದಲ್ಲಿ ಕಂದು ಇಲ್ಲವೇ ಬಿಳಿಚಿದ ಕಲೆ ತಿಂಗಳುಗಟ್ಟಲೆ ಉಳಿಯುತ್ತೆ. ಇದನ್ನ ನೋಡಿಕೊಂಡು "ಇನ್ನೂ ಹೋಗಿಲ್ಲ" ಅಂತ ಔಷಧಿ ಬದಲಾಯಿಸಿ ಅನ್ನೋರು ತುಂಬಾ ಜನ. ಮನೆಯಲ್ಲೇ ನೋಡ್ಕೋಬಹುದು: ತೆಳು ಗಾಜಿನ ಲೋಟದ ತಳವನ್ನ ಆ ಜಾಗದ ಮೇಲೆ ಒತ್ತಿ, ಗಾಜಿನ ಮೂಲಕ ನೋಡಿ. ಒತ್ತಿದಾಗ ಬಣ್ಣ ಮಾಯ ಆದ್ರೆ ಅದು ಹಿಗ್ಗಿದ ರಕ್ತನಾಳದ ಕೆಂಪು, ಉರಿಯೂತ ಇನ್ನೂ ಇದೆ. ಒತ್ತಿದರೂ ಕಂದು ಹಾಗೇ ನಿಂತರೆ ಅದು ಬರೀ ಕಲೆ. ಆಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ. ಅಂಚು ಸಿಗದಿದ್ದರೆ, ಒರಟು ತಾಗದಿದ್ದರೆ, ಆ ಜಾಗದ ಕಾಯಿಲೆ ಇಳಿದಿದೆ ಅಂತಲೇ.

ಮೊಣಕಾಲ ಕೆಳಗಿನ ಭಾಗ ಎಲ್ಲಕ್ಕಿಂತ ತಡ. ಯಾವ ಬಯಾಲಜಿಕ್ ಕೊಟ್ಟರೂ ಮೈ ಮೊದಲು ತಿಳಿಯಾಗುತ್ತೆ, ಕಣಕಾಲು ಕೊನೆಗೆ. ಸೋರಿಯಾಸಿಸ್ ಎಷ್ಟು ಹರಡಿದೆ, ಎಷ್ಟು ಜೋರಿದೆ ಅಂತ ನಾವು ಲೆಕ್ಕ ಹಾಕುವ ಪಾಸಿ ಅಂಕದಲ್ಲಿ ತಲೆಗೆ 0.1, ಕೈಗೆ 0.2, ಮುಂಡಕ್ಕೆ 0.3, ಕಾಲಿಗೆ 0.4 ತೂಕ. ಅಂದ್ರೆ ಕಾಲು ಒಂದೇ ತಡ ಮಾಡಿದರೂ ಒಟ್ಟು ಅಂಕ ಎದ್ದು ಕಾಣುವಷ್ಟು ಮೇಲೇ ಇರುತ್ತೆ.

ಅಂಕಿ ಬೇಕು ಅಂದ್ರೆ: ಸೆಕುಕಿನುಮ್ಯಾಬ್ 300ರಲ್ಲಿ ಪಾಸಿ ಅರ್ಧಕ್ಕೆ ಇಳಿಯೋಕೆ ಸರಾಸರಿ 3 ವಾರ, ಅದೇ ಪ್ರಯೋಗದಲ್ಲಿ ಹಳೆಯ ಬಯಾಲಜಿಕ್ ಎಟನರ್ಸೆಪ್ಟ್‌ಗೆ 7 ವಾರ ಹಿಡೀತು. 12ನೇ ವಾರಕ್ಕೆ ಮುಕ್ಕಾಲು ಭಾಗ ಇಳಿದವರು 100ಕ್ಕೆ 77ರಿಂದ 82 ಜನ. ಪೂರ್ತಿ ಫಲ ಕಾಣೋದು 16ನೇ ವಾರದ ಹೊತ್ತಿಗೆ. ಆರನೇ ವಾರದಲ್ಲಿ ನೀವು ಹೇಳಿದ ಸ್ಥಿತಿ ದಾರಿ ತಪ್ಪಿದ್ದಲ್ಲ.

ದುರ್ಗದ_ಬಂಡೆ
ಬೇಗ ಆಗೋದೇ ಬೇಕು ಅಂದ್ರೆ ಐಕ್ಸೆಕಿಜುಮ್ಯಾಬ್ ಅನ್ನೋ ಬಯಾಲಜಿಕ್ ಇನ್ನೂ ಚುರುಕು ಅಲ್ವ? ಎಲ್ಲರಿಗೂ ಅದನ್ನೇ ಯಾಕೆ ಕೊಡಲ್ಲ? ನಿಧಾನದ್ದು ಕೊಟ್ಟು ಕಾಯಿಸೋದು ಯಾಕೆ?

ಚರ್ಮದ_ಓಪಿಡಿ
@ದುರ್ಗದ_ಬಂಡೆ ಚುರುಕು ಹೌದು. 0ನೇ ವಾರ 160 ಮಿ.ಗ್ರಾಂ, ಆಮೇಲೆ 12ನೇ ವಾರದವರೆಗೆ ಎರಡು ವಾರಕ್ಕೊಮ್ಮೆ 80, ನಂತರ ನಾಲ್ಕು ವಾರಕ್ಕೊಮ್ಮೆ 80. ಗುಸೆಲ್ಕುಮ್ಯಾಬ್ ಅನ್ನೋ ಇನ್ನೊಂದು ಬಯಾಲಜಿಕ್ ಜೊತೆ ಹೋಲಿಸಿದಾಗ 12ನೇ ವಾರಕ್ಕೆ ಚರ್ಮ ಪೂರ್ತಿ ತಿಳಿಯಾದವರು 100ಕ್ಕೆ 41, ಗುಸೆಲ್ಕುಮ್ಯಾಬ್‌ನಲ್ಲಿ 25. ಆದರೆ 24ನೇ ವಾರಕ್ಕೆ ಇದು 50, ಅದು 52. ವ್ಯತ್ಯಾಸವೇ ಇಲ್ಲ. ಇನ್ನೊಂದು ಹೋಲಿಕೆಯಲ್ಲಿ ಸೆಕುಕಿನುಮ್ಯಾಬ್ ಮೊದಲು ಓಡಿತು, 48ನೇ ವಾರಕ್ಕೆ ಪಾಸಿ 90 (ನೂರಕ್ಕೆ 90ರಷ್ಟು ಇಳಿತ) ಮುಟ್ಟಿದವರು ಗುಸೆಲ್ಕುಮ್ಯಾಬ್‌ನಲ್ಲಿ 84, ಸೆಕುಕಿನುಮ್ಯಾಬ್‌ನಲ್ಲಿ 70. ಮದುವೆ ಮುಂದಿನ ತಿಂಗಳಿದ್ದರೆ ವೇಗ ಲೆಕ್ಕಕ್ಕೆ ಬರುತ್ತೆ. ಹತ್ತು ವರ್ಷದ ಕಾಯಿಲೆಗೆ ಆರು ವಾರ ಆಚೀಚೆ ಆದ್ರೆ ಏನು?

ದುರ್ಗದ_ಬಂಡೆ
ನವೆ ಇರೋರನ್ನ ಕೇಳಿ ನೋಡಿ, ಆರು ವಾರ ಅಂದ್ರೆ ಏನು ಅಂತ ಅವರು ಹೇಳ್ತಾರೆ. ರಾತ್ರಿ ನಿದ್ದೆ ಇರಲ್ಲ.

ಚರ್ಮದ_ಓಪಿಡಿ
ಒಪ್ಪಿದೆ, ಆ ಮಾತು ಸರಿ. ಆದರೆ ಕರುಳಿನ ಉರಿಯೂತ, ಕ್ರೋನ್ಸ್ ಇದ್ದವರಿಗೆ ಐಎಲ್-17 (ಉರಿಯೂತ ಹಚ್ಚುವ ಒಂದು ಪ್ರೋಟೀನ್) ತಡೆಯುವ ಸೆಕುಕಿನುಮ್ಯಾಬ್, ಐಕ್ಸೆಕಿಜುಮ್ಯಾಬ್ ಥರದ ಔಷಧಿ ಅದನ್ನ ಕೆರಳಿಸಬಹುದು. ಕಣ್ಣಿನ ಯುವಿಯೈಟಿಸ್ (ಕಣ್ಣೊಳಗಿನ ಉರಿಯೂತ) ಇದ್ದರೆ ಟಿಎನ್ಎಫ್ ಅನ್ನೋ ಇನ್ನೊಂದು ಉರಿಯೂತದ ಪ್ರೋಟೀನ್ ತಡೆಯುವ ಅಡಲಿಮುಮ್ಯಾಬ್ ಮೇಲು. ಹೃದಯ ವೈಫಲ್ಯ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದರೆ ಟಿಎನ್ಎಫ್ ತಡೆಯುವ ಗುಂಪೇ ಬೇಡ. ಇಷ್ಟು ನೋಡಿ ಆಮೇಲೆ ವೇಗ.

ಗಿಣ್ಣು_66
ಕೀಲು ನನ್ನ ಪಾಲಿಗೆ ಬಿಟ್ಟಿದ್ದೀರಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಚರ್ಮಕ್ಕೂ ಕೀಲಿಗೂ ಕ್ಯಾಲೆಂಡರ್ ಬೇರೆ. ಚರ್ಮದ ಜೀವಕೋಶ ಬೇಗ ಬೇಗ ಹುಟ್ಟಿ ಉದುರುತ್ತೆ, ಉರಿಯೂತ ನಿಂತರೆ ಹೊಸ ಪದರ ಕೆಲವೇ ವಾರಕ್ಕೆ ಸರಿಯಾಗಿ ಬರುತ್ತೆ. ಕೀಲಿನ ಒಳಪೊರೆ ದಪ್ಪಗಾಗಿ, ನೀರು ತುಂಬಿ, ಸ್ನಾಯುರಜ್ಜು ಎಲುಬಿಗೆ ಅಂಟುವ ಜಾಗ ಊದಿರೋದು ಇಳಿಯೋಕೆ ಅದಕ್ಕಿಂತ ಎಷ್ಟೋ ಪಟ್ಟು ಸಮಯ ಬೇಕು. ಸಾಮಾನ್ಯವಾಗಿ ಹೀಗೆ ನಡೆಯುತ್ತೆ: ಬೆಳಗಿನ ಬಿಗಿತ, ಸುಸ್ತು ಮೊದಲು ಸಡಿಲ ಆಗುತ್ತೆ, 2ರಿಂದ 4 ವಾರದಲ್ಲೇ ಕೆಲವರಿಗೆ ಗೊತ್ತಾಗುತ್ತೆ, ಅದರಲ್ಲೂ ಅಡಲಿಮುಮ್ಯಾಬ್ ಥರದ್ದರಲ್ಲಿ. ಮುಟ್ಟಿದರೆ ನೋಯುವ ಕೀಲುಗಳ ಎಣಿಕೆ ಇಳಿಯೋದು 6ರಿಂದ 12 ವಾರ. ಊತ ಇಳಿಯೋದು 12ರಿಂದ 24. ಪೂರ್ತಿ ಊದಿದ ಬೆರಳು, ಹಿಮ್ಮಡಿಯ ಎಂಥಿಸೈಟಿಸ್ (ರಜ್ಜು ಎಲುಬಿಗೆ ಅಂಟುವ ಜಾಗದ ಉರಿಯೂತ) ಎರಡೂ ಹಟಮಾರಿ, ಆರು ತಿಂಗಳು ತಗೊಂಡ್ರೂ ಆಶ್ಚರ್ಯ ಇಲ್ಲ. ಪುಸ್ತಕದಲ್ಲಿ ಇದನ್ನ ಸಾಸೇಜ್ ಬೆರಳು ಅಂತ ಬರೀತಾರೆ. ನಮ್ಮೂರಲ್ಲಿ ಸಾಸೇಜ್ ಕಂಡೋರು ಯಾರು, ಏಲಕ್ಕಿ ಬಾಳೆಹಣ್ಣು ಅಂದ್ರೆ ತಟ್ಟನೆ ಅರ್ಥ ಆಗುತ್ತೆ.

ಇನ್ನು ಅಂಕಿ ಓದುವಾಗ ಎಲ್ಲರೂ ಎಡವೋ ಜಾಗ. ಚರ್ಮದವರು ಪಾಸಿ 90 ಅಂತಾರೆ, ಅಂದ್ರೆ ನೂರಕ್ಕೆ 90ರಷ್ಟು ಸುಧಾರಣೆ. ಕೀಲಿನವರು ಎಸಿಆರ್ 20 ಅಂತಾರೆ, ಅಂದ್ರೆ ಬರೀ 20ರಷ್ಟು. ಆ 20ನ್ನು ಮುಟ್ಟಿದವರೇ ಅಡಲಿಮುಮ್ಯಾಬ್‌ನಲ್ಲಿ 12ನೇ ವಾರಕ್ಕೆ 100ಕ್ಕೆ 58 ಜನ, ಖಾಲಿ ಇಂಜೆಕ್ಷನ್ ತಗೊಂಡವರಲ್ಲಿ 14. ಸೆಕುಕಿನುಮ್ಯಾಬ್ 300ರಲ್ಲಿ 24ನೇ ವಾರಕ್ಕೆ 54, ಖಾಲಿ ಇಂಜೆಕ್ಷನ್‌ಗೆ 15. ಎರಡೂ ಸಾಲಾಗಿ ಇಟ್ಟು "ಚರ್ಮಕ್ಕೆ 80, ಕೀಲಿಗೆ 54" ಅಂತ ಹೋಲಿಸೋದು ತಕ್ಕಡಿ ಬದಲಾಯಿಸಿ ತೂಕ ಹಾಕಿದ ಹಾಗೆ.

ತೀರ್ಮಾನಕ್ಕೆ: 3 ತಿಂಗಳಿಗೆ ಸುಧಾರಣೆಯ ದಿಕ್ಕು ಕಾಣಬೇಕು, 6 ತಿಂಗಳಿಗೆ ಗುರಿ ಮುಟ್ಟಬೇಕು. 3 ತಿಂಗಳಿಗೆ ಏನೇನೂ ಅಲುಗಾಡಿಲ್ಲ ಅಂದ್ರೆ ಮಾತ್ರ ಬದಲಾವಣೆಯ ಮಾತು. ಆರನೇ ವಾರ ಯಾವುದಕ್ಕೂ ಗಡುವಲ್ಲ.

ಪಿಜೆ_ಬಡಾವಣೆ
ಗಿಣ್ಣು ಸರ್, ದಿಕ್ಕು ಕಾಣಬೇಕು ಅಂದ್ರಲ್ಲ, ಮನೆಯಲ್ಲಿ ಅಳೆಯೋದು ಹೇಗೆ? ದಿನಾ ನೋಡೋರಿಗೆ ವ್ಯತ್ಯಾಸ ಗೊತ್ತಾಗಲ್ಲ.

ಗಿಣ್ಣು_66
ಹೊಲಿಯೋ ನೂಲು ತಗೊಳ್ಳಿ. ಊದಿದ ಬೆರಳಿನ ನಡುಗೆಣ್ಣಿನ ಸುತ್ತ ಒಂದೇ ಸುತ್ತು, ಬಿಗಿ ಎಳೆಯದೆ, ಚರ್ಮಕ್ಕೆ ತಾಗುವಷ್ಟು. ಎರಡು ತುದಿ ಸೇರೋ ಕಡೆ ಪೆನ್ನಿನಿಂದ ಗುರುತು ಮಾಡಿ, ಬಿಚ್ಚಿ ಸ್ಕೇಲ್ ಮೇಲೆ ಇಟ್ಟು ಮಿ.ಮೀ. ಬರೆದಿಡಿ. ಎಡಗೈಯ ಅದೇ ಬೆರಳನ್ನೂ ಅಳೀರಿ, ಅದೇ ನಿಮ್ಮ ಹೋಲಿಕೆ. ವಾರಕ್ಕೊಮ್ಮೆ, ವಾರದ ಅದೇ ದಿನ, ಅದೇ ಹೊತ್ತು. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ಅಳೆದರೆ ಅಂಕಿ ಕುಣಿಯುತ್ತೆ.

ಬಿಗಿತಕ್ಕೆ ಗಡಿಯಾರ ಸಾಕು. ಕಣ್ಣು ಬಿಟ್ಟ ಹೊತ್ತು, ಮುಷ್ಟಿ ಪೂರ್ತಿ ಮುಚ್ಚೋಕೆ ಆದ ಹೊತ್ತು. ನಡುವಿನ ನಿಮಿಷ ಬರೆಯಿರಿ. 90 ನಿಮಿಷ 40ಕ್ಕೆ ಬಂತು ಅಂದ್ರೆ ಊತ ಇಳಿಯದಿದ್ದರೂ ಔಷಧಿ ಕೆಲಸ ಮಾಡ್ತಿದೆ. ನೋವಿನ ಮಾತ್ರೆ ನುಂಗಿದ ದಿನಗಳನ್ನ ಪಕ್ಕದಲ್ಲಿ ಗುರುತು ಹಾಕಿ, ಇಲ್ಲಾಂದ್ರೆ ಡೈಕ್ಲೋಫೆನಾಕ್ ಮಾಡಿದ ಕೆಲಸದ ಹೆಸರು ಬಯಾಲಜಿಕ್‌ಗೆ ಹೋಗುತ್ತೆ.

ಹರಿಹರ_ಸೇತುವೆ
ಉಗುರು? ಅದರ ಮಾತೇ ಯಾರೂ ಎತ್ತಲಿಲ್ಲ.

ಚರ್ಮದ_ಓಪಿಡಿ
ಕೈ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತೆ, ಕಾಲಿಂದು ಅದರ ಅರ್ಧ ಅಥವಾ ಇನ್ನೂ ಕಮ್ಮಿ. ಇವತ್ತು ಕಾಣೋ ಗುಳಿ ಉಗುರಿನ ಬುಡದಲ್ಲಿ ತಿಂಗಳ ಹಿಂದೆ ಹುಟ್ಟಿದ್ದು. ಬುಡದಿಂದ ಹೊಸದಾಗಿ ಬರ್ತಿರೋ ಭಾಗ ನಯವಾಗಿದೆಯಾ ಅಂತ ಮಾತ್ರ ನೋಡಿ. ಕೈ ಉಗುರಿಗೆ 6 ತಿಂಗಳು, ಕಾಲಿನ ಹೆಬ್ಬೆರಳಿಗೆ ಒಂದು ವರ್ಷದ ಮೇಲೆ. ಯಾವ ಇಂಜೆಕ್ಷನ್ ಆದ್ರೂ ಉಗುರನ್ನ ಬೇಗ ಬೆಳೆಸೋಕಾಗಲ್ಲ.

ಚಳ್ಳಕೆರೆ_ಬಿಸಿಲು
ಇಷ್ಟೆಲ್ಲ ಯಾಕ್ರೀ, ಒಂದೇ ಇಂಜೆಕ್ಷನ್, ಮೂರೇ ದಿನಕ್ಕೆ ಮೈ ಎಲ್ಲ ಕ್ಲಿಯರ್ ಅಂತ ಹೇಳಿ ಕೊಡೋರು ಇದಾರಲ್ಲ? ಐನೂರು ರೂಪಾಯಿ ಒಳಗೆ ಮುಗಿಯುತ್ತಂತೆ. ಅದು ಇದೇ ಬಯಾಲಜಿಕ್ ಅಲ್ವಾ?

ಕೌಂಟರ್_ಫಾರ್ಮಸಿ
ಅಲ್ಲ. ನೂರಕ್ಕೆ ನೂರು ಅದು ಸ್ಟಿರಾಯ್ಡ್. ಟ್ರಯಾಮ್ಸಿನೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಇವುಗಳಲ್ಲಿ ಒಂದು. ಮೂರು ದಿನಕ್ಕೆ ಸೋರಿಯಾಸಿಸ್ ಕರಗಿಸೋ ಬಯಾಲಜಿಕ್ ಭೂಮಿ ಮೇಲೆ ಇಲ್ಲ.

ಗುರುತು ಹಿಡಿಯೋದು ಸುಲಭ. ಟ್ರಯಾಮ್ಸಿನೋಲೋನ್ ಹಾಲಿನ ಥರ ಬೆಳ್ಳಗಿರುತ್ತೆ, ಕೊಡೋ ಮುಂಚೆ ಸೀಸೆ ಅಲ್ಲಾಡಿಸ್ತಾರೆ. ಬಯಾಲಜಿಕ್ ತಿಳಿಯಾಗಿರುತ್ತೆ, ಬಣ್ಣ ಇಲ್ಲ ಅಥವಾ ತೆಳು ಹಳದಿ, ಅದನ್ನ ಅಲ್ಲಾಡಿಸಲೇಬಾರದು. ಡೆಕ್ಸಾ ಕೂಡ ತಿಳಿ ನೀರಿನ ಥರ ಇರುತ್ತೆ, ಹಂಗಾಗಿ ಬಣ್ಣ ಒಂದನ್ನೇ ನಂಬಬೇಡಿ. ಫ್ರಿಜ್‌ನಿಂದ ಬಂತಾ, ಹೆಸರು-ಬ್ಯಾಚ್ ನಂಬರ್ ಇರೋ ಡಬ್ಬಿ ಕೈಗೆ ಕೊಟ್ರಾ, ಬಿಲ್ ಕೊಟ್ರಾ, ಶುರು ಮಾಡೋ ಮುಂಚೆ ಎದೆ ಎಕ್ಸ್‌ರೇ ಬರೆದ್ರಾ? ನಾಲ್ಕಕ್ಕೂ ಇಲ್ಲ ಅಂದ್ರೆ ಕೈ ಒಡ್ಡಬೇಡಿ.

ಚರ್ಮದ_ಓಪಿಡಿ
ಇದಕ್ಕೆ ಒಂದು ಸೇರಿಸ್ತೀನಿ. ಆ ಸ್ಟಿರಾಯ್ಡ್‌ನ ಶಕ್ತಿ ಇಳಿದ ಮೇಲೆ ಕಾಯಿಲೆ ಮೊದಲಿಗಿಂತ ಜೋರಾಗಿ ವಾಪಸ್ ಬರುತ್ತೆ. ಕೆಲವರಿಗೆ ಮೈಯೆಲ್ಲ ಕೀವಿನ ಗುಳ್ಳೆ ಎದ್ದು ಜ್ವರ ಬರುತ್ತೆ, ಇಲ್ಲವೇ ಅಡಿಯಿಂದ ಮುಡಿವರೆಗೆ ಕೆಂಪೇರಿ ಚಳಿ ಹಿಡಿಯುತ್ತೆ. ಎರಡೂ ಆಸ್ಪತ್ರೆಯಲ್ಲಿ ಮಲಗಿಸಿ ನೋಡೋ ಸ್ಥಿತಿ, ಮನೆ ಮದ್ದಿಗೆ ಜಗ್ಗಲ್ಲ. ಬಾಯಿಂದ ನುಂಗುವ ಪ್ರೆಡ್ನಿಸೋಲೋನ್ ದಿಢೀರ್ ನಿಲ್ಲಿಸಿದರೂ ಹೀಗೇ.

ಚಳ್ಳಕೆರೆ_ಬಿಸಿಲು
ಹಾಲಿನ ಥರ ಅಂದ್ರಲ್ಲ, ಅದೇ. ತಿಳೀತು ಬಿಡ್ರಿ.

ಹೊಳಲ್ಕೆರೆ_ಸಿಸ್ಟರ್
ಔಷಧಿ ನಿಧಾನ ಅನ್ನೋ ಮುಂಚೆ ಔಷಧಿ ಚೆನ್ನಾಗಿತ್ತಾ ಅಂತ ಕೇಳಬೇಕು. ಇದು ಪ್ರೋಟೀನ್ ರೀ, 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಏಪ್ರಿಲ್‌ನಲ್ಲಿ ದಾವಣಗೆರೆ, ಚಳ್ಳಕೆರೆ ಬಿಸಿಲು ಎಲ್ಲರಿಗೂ ಗೊತ್ತು. ಆದ್ರೆ ಬಿಸಿಗಿಂತ ಹೆಚ್ಚು ಕೆಡೋದು ಹೆಪ್ಪುಗಟ್ಟಿ.

ಬೆಂಗಳೂರಿಂದ ದಾವಣಗೆರೆಗೆ ತರೋದು ಸುಮಾರು 260 ಕಿ.ಮೀ. ದಾರಿ. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕ್‌ಗೆ ಡಬ್ಬಿ ನೇರ ಒತ್ತಿ ಇಟ್ಟರೆ ದಾರಿಯಲ್ಲೇ ಹೆಪ್ಪುಗಟ್ಟುತ್ತೆ. ಲಸಿಕೆಗೆ ನಾವು ಮಾಡೋ ಹಾಗೇ ಮಾಡಿ: ಪ್ಯಾಕ್ ಹೊರಗಿಟ್ಟು, ಮೇಲಿನ ಹಿಮ ಕರಗಿ, ಅಲ್ಲಾಡಿಸಿದಾಗ ಒಳಗೆ ನೀರು ಕುಲುಕೋ ಶಬ್ದ ಬರೋವರೆಗೆ ಕಾಯಬೇಕು. ಆಮೇಲೆ ಒರೆಸಿ, ಟವೆಲ್ ಸುತ್ತಿ, ಪೆಟ್ಟಿಗೆ ಒಳಗೆ ಪಕ್ಕಕ್ಕೆ ನಿಲ್ಲಿಸಿ, ನಡುವೆ ಔಷಧಿ. ಮನೆ ಫ್ರಿಜ್‌ನಲ್ಲಿ ಬಾಗಿಲ ಕಡೆ ಬೇಡ, ಫ್ರೀಜರ್ ಕೆಳಗಿನ ಮೊದಲ ತಟ್ಟೆಯೂ ಬೇಡ, ಹಿಂಗೋಡೆಗೆ ತಾಗಿಸೋದೂ ಬೇಡ. ನಡುವಿನ ತಟ್ಟೆ, ಅದರದೇ ಡಬ್ಬಿಯಲ್ಲಿ, ಯಾಕಂದ್ರೆ ಬೆಳಕೂ ತಾಗಬಾರದು. ಕರೆಂಟ್ ಹೋದರೆ ಬಾಗಿಲು ತೆಗೀಬೇಡಿ, ಮುಚ್ಚಿದ ಫ್ರಿಜ್ ಸುಮಾರು 4 ಗಂಟೆ ತಣ್ಣಗಿರುತ್ತೆ.

ಒಮ್ಮೆ ಹೆಪ್ಪುಗಟ್ಟಿದ್ದು ಕರಗಿ ತಿಳಿಯಾಗಿ ಕಂಡರೂ ಬಿಸಾಕಬೇಕು.

ಹರಿಹರ_ಸೇತುವೆ
ಸಿಸ್ಟರ್, ಹೆಪ್ಪುಗಟ್ಟಿತ್ತಾ ಅಂತ ತಿಳಿಯೋಕೆ ಲಸಿಕೆಗೆ ಶೇಕ್ ಟೆಸ್ಟ್ ಮಾಡ್ತಾರಲ್ಲ, ಅದನ್ನೇ ಮಾಡಿದ್ರೆ?

ಹೊಳಲ್ಕೆರೆ_ಸಿಸ್ಟರ್
ಅಯ್ಯೋ ಬೇಡ. ಅದು ಕೆಲವು ಲಸಿಕೆಗೆ ಮಾತ್ರ. ಇದನ್ನ ಕುಲುಕಿದರೆ ಪ್ರೋಟೀನ್ ಮುದ್ದೆ ಕಟ್ಟುತ್ತೆ. ಚೆನ್ನಾಗಿದ್ದದ್ದೂ ಪರೀಕ್ಷೆಯಲ್ಲೇ ಕೆಟ್ಟುಹೋಗುತ್ತೆ.

ಮಂಡಕ್ಕಿ_ಮಿರ್ಚಿ
ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತೆ, ಎಸಿ ಬೇರೆ. ಪೆಟ್ಟಿಗೆ ತೊಡೆ ಮೇಲೆ ಇಟ್ಕೊಂಡು ಬಂದ್ರಾಯ್ತು. ಐಸ್ ಗೀಸ್ ಯಾಕೆ?

ಹೊಳಲ್ಕೆರೆ_ಸಿಸ್ಟರ್
ಎಸಿ ಅಂದ್ರೆ 24 ಡಿಗ್ರಿ. 8 ಅಲ್ಲ.

ಕೌಂಟರ್_ಫಾರ್ಮಸಿ
ಸಿಸ್ಟರ್ ಹೇಳಿದ್ದು ಸರಿ. ಗಾಬರಿ ಬೀಳೋರಿಗೆ ಒಂದು ಸಮಾಧಾನ: ಸೆಕುಕಿನುಮ್ಯಾಬ್ 150ರ ಸಿರಿಂಜ್, ಪೆನ್ 30 ಡಿಗ್ರಿ ಮೀರದ ಜಾಗದಲ್ಲಿ 4 ದಿನದವರೆಗೆ ತಡೆಯುತ್ತೆ, ಮೂಲ ಅಡಲಿಮುಮ್ಯಾಬ್ 25 ಡಿಗ್ರಿ ಒಳಗೆ 14 ದಿನ. ಆದ್ರೆ ನಮ್ಮ ಬೇಸಿಗೆಯಲ್ಲಿ 25, 30 ಡಿಗ್ರಿ ಇರೋ ಕೋಣೆ ಎಲ್ಲಿದೆ ಹೇಳಿ. ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷವೂ ಬಿಡಬೇಡಿ. ಬಯೋಸಿಮಿಲರ್ (ಮೂಲ ಬಯಾಲಜಿಕ್ ಹೋಲುವಂತೆ ಬೇರೆ ಕಂಪನಿ ಮಾಡಿದ್ದು) ಆದರೆ ಆ ಡಬ್ಬಿಯಲ್ಲಿರೋ ಚೀಟಿಯ ಲೆಕ್ಕವೇ ಲೆಕ್ಕ, ಬೇರೆ ಬ್ರಾಂಡಿಂದು ಅದಕ್ಕೆ ಹಚ್ಚಬೇಡಿ.

ದುರ್ಗದ_ಬಂಡೆ
ಬಯೋಸಿಮಿಲರ್ ಅಂದ್ರೆ ಅಗ್ಗದ್ದು, ನಿಧಾನ ಅಂತ ಕೇಳಿದೀನಿ.

ಗಿಣ್ಣು_66
ಅಗ್ಗದ್ದು ಹೌದು, ನಿಧಾನ ಅಲ್ಲ. ಅಡಲಿಮುಮ್ಯಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್ ಬಂದದ್ದೇ ನಮ್ಮ ದೇಶದಲ್ಲಿ, 2014ರ ಡಿಸೆಂಬರ್‌ನಲ್ಲಿ, ಎಕ್ಸೆಂಪ್ಟಿಯಾ ಅಂತ. ಡೋಸ್ ಕ್ರಮ ಮೂಲದ್ದೇ: ಚರ್ಮಕ್ಕೆ ಮೊದಲ ದಿನ 80 ಮಿ.ಗ್ರಾಂ, ಒಂದು ವಾರಕ್ಕೆ 40, ಅಲ್ಲಿಂದ ಎರಡು ವಾರಕ್ಕೊಮ್ಮೆ 40. ಬರೀ ಕೀಲಿಗಾದರೆ ಆ 80 ಇಲ್ಲ, ಶುರುವಿನಿಂದ ಎರಡು ವಾರಕ್ಕೊಮ್ಮೆ 40.

ಹರಿಹರ_ಸೇತುವೆ
ಚುಚ್ಚೋದ್ರಲ್ಲಿ ತಪ್ಪಾಗಿ ಔಷಧಿ ಒಳಗೆ ಹೋಗದೇ ಇರೋ ಸಾಧ್ಯತೆ?

ಹೊಳಲ್ಕೆರೆ_ಸಿಸ್ಟರ್
ತುಂಬಾ ಇದೆ. ಫ್ರಿಜ್‌ನಿಂದ ತೆಗೆದು 15ರಿಂದ 30 ನಿಮಿಷ ಹಾಗೇ ಬಿಡಿ, ಬಿಸಿನೀರಲ್ಲಿ ಅದ್ದಬೇಡಿ. ತಣ್ಣಗಿದ್ದಾಗ ಚುಚ್ಚಿದರೆ ಉರಿಯುತ್ತೆ, ಆ ಉರಿಗೆ ಕೈ ಎಳ್ಕೊಂಡುಬಿಡ್ತಾರೆ. ಜಾಗ ತೊಡೆಯ ಮುಂಭಾಗ, ಇಲ್ಲವೇ ಹೊಕ್ಕುಳಿಂದ ನಾಲ್ಕು ಬೆರಳು ದೂರ ಬಿಟ್ಟು ಹೊಟ್ಟೆ. ಸೋರಿಯಾಸಿಸ್ ಇರೋ ಚರ್ಮದ ಮೇಲೆ ಬೇಡ. ಸೆಕುಕಿನುಮ್ಯಾಬ್ ಪೆನ್ ಆದ್ರೆ ಮುಚ್ಚಳ ತಿರುಗಿಸಿ ತೆಗೆದ ಐದು ನಿಮಿಷದೊಳಗೆ ಚುಚ್ಚಬೇಕು. ನೆಟ್ಟಗೆ ಒತ್ತಿ. ಮೊದಲ ಟಿಕ್ ಅಂದ್ರೆ ಶುರು. ಎರಡನೇ ಟಿಕ್ ಅಂದ್ರೆ ಮುಗೀತು ಅಲ್ಲ, ಮುಗಿಯೋಕೆ ಬಂತು. ಕಿಟಕಿಯಲ್ಲಿ ಹಸಿರು ಪೂರ್ತಿ ತುಂಬಿ ನಿಲ್ಲೋವರೆಗೆ ಎತ್ತಬೇಡಿ. ಎರಡನೇ ಟಿಕ್‌ಗೇ ಎತ್ತೋರು ಹೆಚ್ಚು, ಚರ್ಮದ ಮೇಲೆ ಔಷಧಿ ಹರಿದುಬಿಡುತ್ತೆ. ಒಂದು ಹನಿ ಆದ್ರೆ ಚಿಂತೆ ಇಲ್ಲ. ಧಾರೆಯಾಗಿ ಹರಿದರೂ ನಿಮ್ಮಷ್ಟಕ್ಕೆ ಇನ್ನೊಂದು ಪೆನ್ ಒತ್ತಬೇಡಿ, ಬರೆದುಕೊಟ್ಟವರನ್ನ ಕೇಳಿ. ಆಮೇಲೆ ಉಜ್ಜಬಾರದು. ಬಳಸಿದ ಪೆನ್ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ, ಕಸದ ಚೀಲಕ್ಕಲ್ಲ, ಪೌರಕಾರ್ಮಿಕರ ಕೈಗೆ ಚುಚ್ಚುತ್ತೆ.

ಕೈಲಿರೋದು 150ರ ಪೆನ್ ಆದ್ರೆ 300 ಅಂದ್ರೆ ಎರಡು ಪೆನ್, ಇದನ್ನೂ ಮರೀಬೇಡಿ. ಒಂದೇ ಒತ್ತಿ ಇನ್ನೊಂದನ್ನ ಮುಂದಿನ ವಾರಕ್ಕೆ ಎತ್ತಿಟ್ಟರೆ ಅದು ಅರ್ಧ ಡೋಸ್.

ಗಿಣ್ಣು_66
ತೂಕದ ಬಗ್ಗೆ ಹೇಳೋದು ಬಿಟ್ಟಿದ್ದೆ. 94 ಕೆ.ಜಿ. ಸಣ್ಣ ವಿಷಯ ಅಲ್ಲ. ಕೊಬ್ಬು ತಾನೇ ಉರಿಯೂತದ ರಸಾಯನ ಹೊರಬಿಡುತ್ತೆ, ಮೇಲಿಂದ ಅದೇ ಡೋಸ್ ಇನ್ನೂ ದೊಡ್ಡ ಮೈಗೆ ಹಂಚಿಹೋಗುತ್ತೆ. ಸೆಕುಕಿನುಮ್ಯಾಬ್‌ಗೆ ಯುರೋಪಿನ ಬಳಕೆ ಚೀಟಿಯಲ್ಲಿ, 90 ಕೆ.ಜಿ. ಅಥವಾ ಮೇಲಿರೋ ಚರ್ಮದ ರೋಗಿಗಳಿಗೆ ನಾಲ್ಕು ವಾರದ ಬದಲು ಎರಡು ವಾರಕ್ಕೊಮ್ಮೆ 300 ಕೊಟ್ಟರೆ ಹೆಚ್ಚು ಲಾಭ ಆಗಬಹುದು ಅಂತ ಇದೆ. 16ನೇ ವಾರಕ್ಕೂ ಕಾಲು ತಿಳಿಯಾಗದಿದ್ದರೆ ನಿಮ್ಮ ಡಾಕ್ಟರ್ ಹತ್ರ ಈ ಪ್ರಶ್ನೆ ಇಡಿ. ಉಸ್ಟೆಕಿನುಮ್ಯಾಬ್‌ನಲ್ಲಂತೂ (ಇದೂ ಒಂದು ಬಯಾಲಜಿಕ್) ಲೆಕ್ಕ ನೇರ, 100 ಕೆ.ಜಿ. ವರೆಗೆ 45 ಮಿ.ಗ್ರಾಂ, ಮೀರಿದರೆ 90. ಇನ್‌ಫ್ಲಿಕ್ಸಿಮ್ಯಾಬ್ ಕೆ.ಜಿ.ಗೆ 5 ಮಿ.ಗ್ರಾಂ.

ತೂಕ ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೂ ಅದೇ ಔಷಧಿ ಇನ್ನೂ ಚೆನ್ನಾಗಿ ಹಿಡಿಯುತ್ತೆ.

ಮಂಡಕ್ಕಿ_ಮಿರ್ಚಿ
ಬೆಣ್ಣೆ ದೋಸೆ ಊರಲ್ಲಿ ಕೂತು ಈ ಮಾತಾ ಸರ್!

ಹರಿಹರ_ಸೇತುವೆ
ದೋಸೆ ತಿನ್ನಿ, ಮೇಲಿಂದ ಇನ್ನೊಂದು ಮುದ್ದೆ ಬೆಣ್ಣೆ ಹಾಕಿಸ್ಕೊಳ್ಳೋದು ಬಿಡಿ.

ಗಿಣ್ಣು_66
ದೋಸೆ ಅಲ್ಲ, ಸಂಜೆ ಗುಂಡು ಮತ್ತು ಸಿಗರೇಟು ಮೊದಲು. ಜೊತೆಗೆ ಮೆಥೋಟ್ರೆಕ್ಸೇಟ್ (ಇದೇ ಕಾಯಿಲೆಗೆ ಕೊಡೋ ಹಳೆಯ ಔಷಧಿ) ಇದ್ದರೆ ಗುಂಡು ಯಕೃತ್ತಿಗೆ ಎರಡು ಪಟ್ಟು ಹೊಡೆತ.

ದುರ್ಗದ_ಬಂಡೆ
ಬಯಾಲಜಿಕ್ ಶುರುವಾದ ಮೇಲೆ ಮೆಥೋಟ್ರೆಕ್ಸೇಟ್ ಯಾಕೆ? ಬಿಟ್ಟುಬಿಡಬಹುದಲ್ಲ.

ಗಿಣ್ಣು_66
ನಿಮ್ಮಷ್ಟಕ್ಕೆ ಬಿಡಬೇಡಿ. ಅಡಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್ ಕೊಡುವಾಗ ಮೈ ಆ ಔಷಧಿಗೇ ಪ್ರತಿಕಾಯ ಕಟ್ಟೋದನ್ನ ಮೆಥೋಟ್ರೆಕ್ಸೇಟ್ ತಡೆಯುತ್ತೆ. ಮೊದಲ ವರ್ಷ ಚೆನ್ನಾಗಿದ್ದು ಆಮೇಲೆ ಫಲ ಕಮ್ಮಿ ಆಯ್ತು ಅನ್ನೋರಲ್ಲಿ ಇದೂ ಒಂದು ಕಾರಣ. ಸೆಕುಕಿನುಮ್ಯಾಬ್‌ನಲ್ಲಿ ಆ ತೊಂದರೆ ತೀರಾ ಕಮ್ಮಿ, ಅಲ್ಲಿ ಡಾಕ್ಟರ್ ನಿಲ್ಲಿಸಿದರೂ ನಿಲ್ಲಿಸಬಹುದು.

ಕೌಂಟರ್_ಫಾರ್ಮಸಿ
ಮೆಥೋಟ್ರೆಕ್ಸೇಟ್ ಮಾತು ಬಂತು ಅಂತ ಹೇಳ್ತೀನಿ, ಅದು ವಾರಕ್ಕೊಂದು ದಿನ. ದಿನಾ ಅಲ್ಲ. ಚೀಟಿ ಮೇಲೆ ವಾರದ ಹೆಸರು ದೊಡ್ಡದಾಗಿ ಬರೆಸ್ಕೊಳ್ಳಿ. ದಿನಾ ನುಂಗಿದರೆ ಬಾಯಿ ಹುಣ್ಣು, ರಕ್ತಕಣ ಕುಸಿತ, ಜೀವಕ್ಕೇ ಬರುತ್ತೆ. ಫೋಲಿಕ್ ಆಸಿಡ್ ಬೇರೆ ದಿನ.

ಚಳ್ಳಕೆರೆ_ಬಿಸಿಲು
ಟಿಬಿ ಪರೀಕ್ಷೆ ಅಂತ ಒಂದೂವರೆ ತಿಂಗಳು ಕಾಯಿಸ್ತಾರೆ ಅಂತ ಇನ್ನೊಂದು ದೂರು ಐತೆ. ಬೇಗ ಗುಣ ಆಗಬೇಕು ಅನ್ನೋರಿಗೆ ಶುರುವಿನಲ್ಲೇ ಬ್ರೇಕ್.

ಚರ್ಮದ_ಓಪಿಡಿ
ಆ ಬ್ರೇಕ್ ಇರಲೇಬೇಕು. ನಮ್ಮ ದೇಶದಲ್ಲಿ ಎಷ್ಟೋ ಜನರ ಮೈಯಲ್ಲಿ ಕ್ಷಯದ ರೋಗಾಣು ಸದ್ದಿಲ್ಲದೆ ಮಲಗಿರುತ್ತೆ. ಟಿಎನ್ಎಫ್ ತಡೆದರೆ ಅದನ್ನ ಕಟ್ಟಿಹಾಕಿದ್ದ ಗೋಡೆ ಸಡಿಲ ಆಗುತ್ತೆ. ಎದೆ ಎಕ್ಸ್‌ರೇ, ಜೊತೆಗೆ ಮ್ಯಾಂಟೂ (ಚರ್ಮಕ್ಕೆ ಚುಚ್ಚಿ ನೋಡೋ ಕ್ಷಯದ ಪರೀಕ್ಷೆ) ಅಥವಾ ಇಗ್ರಾ ರಕ್ತಪರೀಕ್ಷೆ. ಮ್ಯಾಂಟೂ ಓದೋದು 48ರಿಂದ 72 ಗಂಟೆಗೆ. ಅಳೆಯಬೇಕಾದ್ದು ಗಟ್ಟಿಯಾದ ಉಬ್ಬು, ಸುತ್ತಲ ಕೆಂಪಲ್ಲ. ಕೆಂಪನ್ನ ಅಳೆದು ಪಾಸಿಟಿವ್ ಬರೆದ ಚೀಟಿಗಳೂ ಬರುತ್ತವೆ. ಒಳಗೆ ಅಡಗಿರೋ ಸೋಂಕು ಇದೆ ಅಂತಾದ್ರೆ ಐಸೋನಿಯಜಿಡ್ ಶುರು ಮಾಡಿ, ಕಡೇ ಪಕ್ಷ ಒಂದು ತಿಂಗಳ ನಂತರ ಬಯಾಲಜಿಕ್. ಮಾತ್ರೆ ಕೋರ್ಸ್ ಜೊತೆಜೊತೆಗೆ ಮುಂದುವರಿಯುತ್ತೆ. ಹೆಪಟೈಟಿಸ್ ಬಿ, ಸಿ, ಎಚ್ಐವಿ ಕೂಡ ಮೊದಲೇ ನೋಡಬೇಕು.

ಗಿಣ್ಣು_66
ಐಎಲ್-17, ಐಎಲ್-23 (ಗುಸೆಲ್ಕುಮ್ಯಾಬ್ ಥರದ್ದು) ತಡೆಯುವ ಗುಂಪಿನಲ್ಲಿ ಕ್ಷಯ ಎದ್ದೇಳೋ ಭಯ ಟಿಎನ್ಎಫ್ ಗುಂಪಿಗಿಂತ ಬಹಳ ಕಮ್ಮಿ. ಆದ್ರೂ ಪರೀಕ್ಷೆ ಬಿಡೋ ಹಾಗಿಲ್ಲ.

ಚರ್ಮದ_ಓಪಿಡಿ
ಹೌದು, ಅದು ಸರಿ. ಒಮ್ಮೆ ನೆಗೆಟಿವ್ ಬಂತು ಅಂತ ಜೀವಮಾನಕ್ಕೆ ಸರ್ಟಿಫಿಕೇಟ್ ಅಲ್ಲ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿತ ಕಂಡರೆ ಮುಂದಿನ ಡೋಸ್ ಒತ್ತೋ ಮುಂಚೆ ತೋರಿಸಿ. ಸೆಕುಕಿನುಮ್ಯಾಬ್‌ನಲ್ಲಿ ಬಾಯೊಳಗೆ ಬಿಳಿ ಪದರ ಕಟ್ಟೋ ಕ್ಯಾಂಡಿಡಾ ಬರಬಹುದು. ಅದು ಔಷಧಿ ನಿಲ್ಲಿಸೋ ವಿಷಯ ಅಲ್ಲ, ಫಂಗಸ್ ಮದ್ದಿಗೆ ಹೋಗುತ್ತೆ.

ಪಿಜೆ_ಬಡಾವಣೆ
ಇನ್ನೊಂದು. ವಾರಕ್ಕೊಂದು ಅಂತ ಐದು ಡೋಸ್ ಆಯ್ತು, ಈಗ 8ನೇ ವಾರದವರೆಗೆ ಏನೂ ಇಲ್ಲ. ಈ ಖಾಲಿಯಲ್ಲಿ ಕಾಯಿಲೆ ವಾಪಸ್ ಬರಲ್ವಾ?

ಕೌಂಟರ್_ಫಾರ್ಮಸಿ
ಬರಲ್ಲ. ಸೆಕುಕಿನುಮ್ಯಾಬ್ ಮೈಯಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು 27 ದಿನ ಬೇಕು. ಮೊದಲ ಐದು ಡೋಸ್ ಡ್ರಮ್ ತುಂಬಿಸಿದ ಹಾಗೆ, ಆಮೇಲಿನದ್ದು ಬಳಸಿದಷ್ಟು ನೀರು ಮೇಲೆ ಹಾಕಿದ ಹಾಗೆ. ಅಡಲಿಮುಮ್ಯಾಬ್ ಸುಮಾರು 14 ದಿನಕ್ಕೆ ಅರ್ಧ ಆಗುತ್ತೆ, ಅದಕ್ಕೇ ಎರಡು ವಾರಕ್ಕೊಮ್ಮೆ. ಮೊದಲ ಐದರಲ್ಲಿ ಒಂದು ತಪ್ಪಿಸಿದ್ರೆ ಡ್ರಮ್ ತುಂಬಲ್ಲ, 12ನೇ ವಾರಕ್ಕೆ "ನಿಧಾನ" ಅಂತ ಕಾಣುತ್ತೆ. ಫೇಲ್ ಅನ್ನೋ ಮುಂಚೆ ಆ ತಾರೀಖುಗಳ ಪಟ್ಟಿ ನೋಡೋದು ಅದಕ್ಕೇ.

ಗಿಣ್ಣು_66
ಕೀಲಿನ ವಿಷಯದಲ್ಲಿ ಒಂದು ಎಚ್ಚರ. ಎಕ್ಸ್‌ರೇಯಲ್ಲಿ ಎಲುಬು ಆಗಲೇ ಸವೆದಿದ್ದರೆ, ಕೀಲು ಬೆಸೆದಿದ್ದರೆ, ಅದು ಯಾವ ಇಂಜೆಕ್ಷನ್‌ಗೂ ವಾಪಸ್ ಬರಲ್ಲ. ಔಷಧಿ ತಡೆಯೋದು ಮುಂದಿನ ಸವೆತ. ಹಂಗಾಗಿ 12ನೇ ವಾರಕ್ಕೆ ನೋವು ಉಳಿದಿದ್ದರೆ ಅದು ಉರಿಯೂತದ ನೋವಾ, ಸವೆತದ ನೋವಾ ಅಂತ ಬೇರೆ ಮಾಡಬೇಕು. ಬೆಳಗ್ಗೆ ಬಿಗಿ, ಓಡಾಡಿದರೆ ಸಡಿಲ ಅಂದ್ರೆ ಉರಿಯೂತ. ಕೆಲಸ ಮಾಡಿದಷ್ಟೂ ಹೆಚ್ಚು, ಕೂತರೆ ಕಮ್ಮಿ ಅಂದ್ರೆ ಸವೆತ. ಅನುಮಾನ ಇದ್ದರೆ ಬೆರಳಿಗೆ, ಹಿಮ್ಮಡಿಗೆ ಅಲ್ಟ್ರಾಸೌಂಡ್ ಮಾಡಿಸಿದರೆ ರಕ್ತ ಹರಿವು ಹೆಚ್ಚಿರೋದು ಕಣ್ಣಿಗೇ ಕಾಣುತ್ತೆ. ಸಿಆರ್‌ಪಿ (ಉರಿಯೂತ ತೋರಿಸೋ ರಕ್ತಪರೀಕ್ಷೆ) ನಾರ್ಮಲ್ ಅಂತ ಕೈ ತೊಳೆದುಕೊಳ್ಳಬೇಡಿ, ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಸಿಆರ್‌ಪಿ ಏರೋದೇ ಇಲ್ಲ.

ಪಿಜೆ_ಬಡಾವಣೆ
ಲೋಟ ಒತ್ತಿ ನೋಡಾಯ್ತು. ಬಲಗಾಲಿನದ್ದು ಮುಕ್ಕಾಲು ಬರೀ ಕಂದು ಕಲೆ, ಎಡಗಾಲ ಹೊರಮಗ್ಗುಲಲ್ಲಿ ಅಂಗೈಯಷ್ಟು ಜಾಗ ಮಾತ್ರ ಬಿಳಿಚುತ್ತೆ. ನೂಲಿನ ಲೆಕ್ಕ: ಬಲಗೈ ತೋರುಬೆರಳು 74 ಮಿ.ಮೀ., ಎಡಗೈಯದ್ದು 66.

ಚರ್ಮದ_ಓಪಿಡಿ
ಬೆರಳೂ ಸೇರಿಸಿ ರೋಗಿಯದೇ ಒಂದು ಅಂಗೈ ಅಂದ್ರೆ ಮೈಯ ನೂರಕ್ಕೆ ಒಂದು ಭಾಗ. ಉಳಿದಿರೋದು ಅಷ್ಟೇ. ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದು, ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆದಿಡಿ. 8ನೇ ವಾರಕ್ಕೆ ಅದೇ ಕಿಟಕಿ, ಅದೇ ಹೊತ್ತು.

ಗಿಣ್ಣು_66
8 ಮಿ.ಮೀ. ವ್ಯತ್ಯಾಸ. ಬಲಗೈಯವರಿಗೆ ಬಲಗೈ ಬೆರಳು ಮಾಮೂಲಿಗೇ ಒಂದೆರಡು ಮಿ.ಮೀ. ದಪ್ಪ ಇರಬಹುದು, ಅದನ್ನ ಕಳೆದು ನೋಡಿ. 12ನೇ ವಾರಕ್ಕೆ 71, 72 ಬಂದರೂ ದಿಕ್ಕು ಸರಿ ಇದೆ ಅಂತಲೇ. 74ಕ್ಕೇ ನಿಂತು, ಬಿಗಿತದ ನಿಮಿಷವೂ ಇಳಿಯದಿದ್ದರೆ ಆ ಚೀಟಿ ಹಿಡ್ಕೊಂಡು ಹೋಗಿ. ಆ ಒಂದೇ ಬೆರಳಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಸಣ್ಣ ಸ್ಟಿರಾಯ್ಡ್ ಇಂಜೆಕ್ಷನ್ ಕೊಡೋದೂ ಉಂಟು.

ಚಳ್ಳಕೆರೆ_ಬಿಸಿಲು
ಈಗ ತಾನೇ ಸ್ಟಿರಾಯ್ಡ್ ಬೇಡ ಅಂದ್ರಿ!

ಗಿಣ್ಣು_66
ಕುಂಡಿಗೆ ಕೊಟ್ಟು ಇಡೀ ಮೈಗೆ ಹರಡೋದು ಬೇರೆ, ಊದಿದ ಜಾಗಕ್ಕೆ ಅಳತೆ ಮಾಡಿ ಒಂದಿಷ್ಟು ಬಿಡೋದು ಬೇರೆ ಮಾರಾಯ್ರೆ.

ಪಿಜೆ_ಬಡಾವಣೆ
ಸರಿ ಸರ್. 8ನೇ ವಾರದ ಡೋಸ್ ಊರ ಹಬ್ಬದ ದಿನವೇ ಬೀಳುತ್ತೆ. ಎರಡು ದಿನ ಆಚೀಚೆ ಆದ್ರೆ?

ಕೌಂಟರ್_ಫಾರ್ಮಸಿ
ಆ ಹಂತದಲ್ಲಿ ಎರಡು ದಿನ ಏನೂ ಅಲ್ಲ. ಔಷಧಿ ಮಾತ್ರ ಹಬ್ಬದ ಹಿಂದಿನ ದಿನವೇ ತಂದಿಡಿ, ಅವತ್ತು ಅಂಗಡಿ ಬಾಗಿಲು ಹಾಕಿರುತ್ತೆ. ಫ್ರಿಜ್‌ನಲ್ಲಿ ಹೋಳಿಗೆ ಹೂರಣದ ಪಾತ್ರೆ ತುರುಕೋ ಅವಸರದಲ್ಲಿ ಡಬ್ಬಿಯನ್ನ ಹಿಂಗೋಡೆಗೆ ತಳ್ಳಬೇಡಿ.